ಮ್ಯೂಸಿಯಂ ವಸ್ತುಗಳ ವಾಪಸಾತಿ: ಒಡೆತನದ ಪ್ರಶ್ನೆ ಬೇರೆ, ಜಾಗದ ಪ್ರಶ್ನೆ ಬೇರೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿ ಸುಮಾರು 80 ಲಕ್ಷ ವಸ್ತುಗಳಿವೆ. ಜನರ ಕಣ್ಣಿಗೆ ಬೀಳುವುದು ಅದರಲ್ಲಿ ಸುಮಾರು 80 ಸಾವಿರ, ಅಂದರೆ ನೂರಕ್ಕೆ ಒಂದು. ಉಳಿದದ್ದು ಉಗ್ರಾಣದಲ್ಲಿ. ಫ್ರಾನ್ಸಿನ ಸರ್ಕಾರಿ ಸಂಗ್ರಹಗಳಲ್ಲಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದ ವಸ್ತುಗಳೇ ಸುಮಾರು 90 ಸಾವಿರ ಇವೆ ಎಂದು ಅಲ್ಲಿನ ಅಧ್ಯಕ್ಷರೇ ಬರೆಸಿದ 2018ರ ವರದಿ ಹೇಳಿತು. ಆಗ ಪ್ಯಾರಿಸ್ಸಿನ ಮ್ಯೂಸಿಯಂಗಳು ಬರಿದಾಗಿಬಿಡುತ್ತವೆ ಎಂದು ದೊಡ್ಡ ಗುಲ್ಲೆದ್ದಿತ್ತು. ಮೂರು ವರ್ಷ ಕಳೆದು 2021ರ ನವೆಂಬರ್‌ನಲ್ಲಿ ಬೆನಿನ್ ಗಣರಾಜ್ಯಕ್ಕೆ ಮರಳಿದ್ದು ಅಬೊಮೆ ಅರಮನೆಯ 26 ವಸ್ತುಗಳು. ಅಷ್ಟನ್ನು ಕೊಡುವುದಕ್ಕೂ ಫ್ರೆಂಚ್ ಸಂಸತ್ತು 2020ರ ಡಿಸೆಂಬರ್‌ನಲ್ಲಿ ಒಂದು ಪ್ರತ್ಯೇಕ ಕಾನೂನು ಮಾಡಬೇಕಾಯಿತು.

ಹೀಗಾಗಿ "ಕೊಡಲು ಶುರು ಮಾಡಿದರೆ ಏನೂ ಉಳಿಯುವುದಿಲ್ಲ" ಎಂಬ ಭಯಕ್ಕೂ ಬುಡವಿಲ್ಲ, "ಅಲ್ಲಿರುವುದೆಲ್ಲ ಕದ್ದ ಮಾಲು" ಎಂಬ ಆರೋಪಕ್ಕೂ ಬುಡವಿಲ್ಲ. ವಾಪಸಾತಿ ನಡೆಯುವುದು ಒಂದೊಂದೇ ವಸ್ತುವಿನ ಮೇಲೆ, ಒಂದೊಂದೇ ಕಡತದ ಮೇಲೆ. ಆ ಕಡತದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿರುತ್ತವೆ: ವಸ್ತು ಯಾರದು? ಅದು ಎಲ್ಲಿರಬೇಕು? ಈ ಎರಡನ್ನೂ ಕಲಸಿಬಿಟ್ಟಾಗಲೇ ಚರ್ಚೆ ದಾರಿ ತಪ್ಪುವುದು.

ಹೊರಟದ್ದು ಹೇಗೆ?

ವಸ್ತು ಕೈಬಿಟ್ಟು ಹೋದಾಗ ಅದನ್ನು ಇಟ್ಟುಕೊಂಡಿದ್ದವರಿಗೆ "ಕೊಡುವುದಿಲ್ಲ" ಎನ್ನುವ ಅವಕಾಶ ಇತ್ತೇ ಎಂಬುದನ್ನು ಮೊದಲು ನೋಡಬೇಕು.

ಯುದ್ಧದ ಲೂಟಿಯಲ್ಲಿ ಇದಕ್ಕೆ ಉತ್ತರ ಸುಲಭ. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಪಡೆ ಬೆನಿನ್ ನಗರದ ಮೇಲೆ ದಂಡೆತ್ತಿ ಹೋಗಿ, ಅರಮನೆಯಿಂದ ಸಾವಿರಾರು ಲೋಹದ ಫಲಕಗಳನ್ನೂ ದಂತದ ಕೆತ್ತನೆಗಳನ್ನೂ ಹೊತ್ತು ತಂದಿತು. (ಈ ಬೆನಿನ್ ನಗರ ಇರುವುದು ನೈಜೀರಿಯಾದಲ್ಲಿ. ಮೇಲೆ ಹೇಳಿದ ಬೆನಿನ್ ಗಣರಾಜ್ಯ ಪಕ್ಕದ ಬೇರೆ ದೇಶ. ಪತ್ರಿಕೆಗಳೂ ಇವೆರಡನ್ನು ಗೊಂದಲ ಮಾಡಿಕೊಳ್ಳುತ್ತವೆ.) 1868ರಲ್ಲಿ ಇಥಿಯೋಪಿಯಾದ ಮಕ್ದಲಾ ಕೋಟೆ, 1874ರಲ್ಲಿ ಇಂದಿನ ಘಾನಾದ ಕುಮಾಸಿ ಅರಮನೆ ಇದೇ ಪಾಡು ಅನುಭವಿಸಿದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಸಾಗಿಸಿದ ಟಿಪ್ಪುವಿನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ತೊಡಕು ಏನೆಂದರೆ, ಈ ಲೂಟಿ ಅಂದಿನ ಸೈನ್ಯದ ಲೆಕ್ಕದಲ್ಲಿ ಕ್ರಮಬದ್ಧವಾಗಿತ್ತು. 'ಪ್ರೈಜ್ ಏಜೆಂಟ'ರೆಂಬ ಅಧಿಕಾರಿಗಳು ಸಿಕ್ಕಿದ್ದನ್ನು ಪಟ್ಟಿ ಮಾಡಿ, ಹರಾಜು ಹಾಕಿ, ಬಂದ ಹಣವನ್ನು ದಂಡನಾಯಕನಿಂದ ಸಿಪಾಯಿಯವರೆಗೆ ಪದವಿಗೆ ತಕ್ಕಂತೆ ಹಂಚುತ್ತಿದ್ದರು. ಯುದ್ಧದಲ್ಲಿ ಲೂಟಿ ಮಾಡುವುದನ್ನು ಹೇಗ್ ಒಪ್ಪಂದ ನಿಷೇಧಿಸಿದ್ದು 1899ರಲ್ಲಿ, ಬೆನಿನ್ ದಾಳಿಯಾದ ಎರಡು ವರ್ಷಕ್ಕೆ. ಆದ್ದರಿಂದ "ಆ ಕಾಲಕ್ಕೆ ಅದು ತಪ್ಪಾಗಿರಲಿಲ್ಲ" ಎಂಬ ವಾದ ಈಗಲೂ ಕೇಳಿಬರುತ್ತದೆ. ಆ ವಾದ ಅರ್ಧ ನಿಜ ಮಾತ್ರ. ನೆಪೋಲಿಯನ್ ಯುರೋಪಿನ ತುಂಬ ದೋಚಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂಗೆ ತುಂಬಿದ್ದ ಕಲಾಕೃತಿಗಳಲ್ಲಿ ಬಹಳಷ್ಟನ್ನು ಗೆದ್ದ ದೇಶಗಳು 1815ರಲ್ಲೇ ಕಿತ್ತು ಮೂಲದವರಿಗೆ ಮರಳಿಸಿದ್ದವು. ದೋಚಿದ್ದನ್ನು ಹಿಂದಿರುಗಿಸಬೇಕೆಂಬ ಅರಿವು ಆಗಲೂ ಇತ್ತು. ಯುರೋಪಿನವರಿಗೆ ಮಾತ್ರ ಅನ್ವಯಿಸುತ್ತಿತ್ತು, ಅಷ್ಟೆ.

ಆ ಬಾರಿ ವೆನಿಸ್‌ಗೆ ಮರಳಿದವುಗಳಲ್ಲಿ ಸಂತ ಮಾರ್ಕನ ಇಗರ್ಜಿಯ ನಾಲ್ಕು ಲೋಹದ ಕುದುರೆಗಳೂ ಇದ್ದವು. ಅವನ್ನು ವೆನಿಸ್‌ನವರು 1204ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ದೋಚಿ ತಂದಿದ್ದರು. ಎಷ್ಟು ಹಿಂದಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಯಾವ ಸೂತ್ರವೂ ಇಲ್ಲ. ಕೇಳುವವರು ಇಂದು ಯಾರಾದರೂ ಇದ್ದಾರೆಯೇ, ವಸ್ತುವಿನೊಡನೆ ಅವರ ಸಂಬಂಧ ಜೀವಂತವಾಗಿದೆಯೇ ಎಂದು ನೋಡುವುದೇ ಸದ್ಯಕ್ಕೆ ಸಿಗುವ ನ್ಯಾಯವಾದ ಅಳತೆಗೋಲು.

ಲೂಟಿಯ ಆಚೆಗಿನ ಪ್ರಕರಣಗಳಲ್ಲಿ ಬಣ್ಣ ಮಸುಕಾಗುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈಜಿಪ್ಟಿನಂಥ ಕಡೆ ಉತ್ಖನನ ಮಾಡಿದ ತಂಡಕ್ಕೂ ಆ ದೇಶಕ್ಕೂ ಸಿಕ್ಕಿದ್ದನ್ನು ಪಾಲು ಮಾಡಿಕೊಳ್ಳುವ ಪದ್ಧತಿಯಿತ್ತು. 1912ರಲ್ಲಿ ಸಿಕ್ಕಿ ಬರ್ಲಿನ್ ಸೇರಿದ ಪ್ರಾಚೀನ ಈಜಿಪ್ಟಿನ ರಾಣಿ ನೆಫರ್ಟಿಟಿಯ ಶಿಲ್ಪ ಆ ಪಾಲಿನಲ್ಲಿ ಹೋದದ್ದು. ಪಾಲು ಮಾಡುವಾಗ ಅದರ ನಿಜವಾದ ಬೆಲೆ ಮುಚ್ಚಿಟ್ಟಿದ್ದರೇ ಎಂಬುದು ಅಲ್ಲಿನ ಜಗಳ. ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ 1801ರಿಂದ ಕಳಚತೊಡಗಿದಾಗ ಗ್ರೀಸ್ ಒಟ್ಟೊಮನ್ ತುರ್ಕರ ಕೈಯಲ್ಲಿತ್ತು. ಅವನು ತೋರಿಸಿದ ಅಪ್ಪಣೆಯ ಮೂಲ ಪ್ರತಿ ಇವತ್ತಿಗೂ ಸಿಕ್ಕಿಲ್ಲ, ಇರುವುದು ಇಟಾಲಿಯನ್ ಅನುವಾದ ಮಾತ್ರ. 1816ರಲ್ಲಿ ಬ್ರಿಟಿಷ್ ಸಂಸತ್ತು 35,000 ಪೌಂಡ್ ಕೊಟ್ಟು ಅವನ್ನು ಕೊಂಡಿತು. ರಸೀದಿ ಇದೆ, ಸರಿ. ಆದರೆ ದೇಶವನ್ನು ಆಳುತ್ತಿದ್ದ ಪರಕೀಯರು ಕೊಟ್ಟ ಅಪ್ಪಣೆ ಆ ದೇಶದವರ ಒಪ್ಪಿಗೆಯಾಗುತ್ತದೆಯೇ? ಕೊಹಿನೂರ್ ವಿಚಾರವೂ ಹೀಗೆಯೇ. ವಜ್ರವನ್ನು ಬ್ರಿಟಿಷರಿಗೆ ಒಪ್ಪಿಸಿದ 1849ರ ಲಾಹೋರ್ ಒಪ್ಪಂದಕ್ಕೆ ಸಹಿ ಹಾಕಿದ ಸಿಖ್ ಅರಸ ದುಲೀಪ್ ಸಿಂಗ್‌ಗೆ ಆಗ ಹತ್ತು ವರ್ಷ.

ಕೊನೆಯದು ಅಪ್ಪಟ ಕಳ್ಳತನ. ಗುಡಿಯ ಬೀಗ ಒಡೆದು, ಗೋರಿ ಅಗೆದು, ಸುಳ್ಳು ಕಾಗದ ಹುಟ್ಟಿಸಿ ಮಾರುವುದು. ವಾಪಸಾತಿಯ ಗೆಲುವುಗಳಲ್ಲಿ ಹೆಚ್ಚಿನವು ಬಂದಿರುವುದು ಇಲ್ಲಿಂದಲೇ, ಏಕೆಂದರೆ ಇಲ್ಲಿ ಕಾನೂನು ಕೆಲಸ ಮಾಡುತ್ತದೆ.

ಕಾನೂನಿನ ಕೈ ಎಲ್ಲಿಯವರೆಗೆ?

ಎಲ್ಲರೂ ಹೆಸರಿಸುವುದು ಸಾಂಸ್ಕೃತಿಕ ವಸ್ತುಗಳ ಕಳ್ಳಸಾಗಣೆ, ಕಳ್ಳವ್ಯಾಪಾರ ತಡೆಯಲೆಂದು ಆದ 1970ರ ಯುನೆಸ್ಕೊ ಒಪ್ಪಂದವನ್ನು. ಭಾರತ ಅದನ್ನು 1977ರಲ್ಲಿ ಒಪ್ಪಿತು, ಅಮೆರಿಕ 1983ರಲ್ಲಿ, ಬ್ರಿಟನ್ 2002ರಲ್ಲಿ. ಅದು ಹಿಂದಿನ ಕಾಲಕ್ಕೆ ಅನ್ವಯಿಸುವುದಿಲ್ಲ ಎಂಬುದು ಅದರ ದೊಡ್ಡ ಮಿತಿ. ವಸಾಹತು ಕಾಲದ ಒಂದು ವಸ್ತುವಿಗೂ ಅದು ನೆರವಾಗದು. ಇನ್ನೊಂದು ಮಿತಿಯ ಬಗ್ಗೆ ಮಾತು ಕಡಿಮೆ: ಕದ್ದ ಮಾಲೆಂದು ಗೊತ್ತಿಲ್ಲದೆ ಕೊಂಡವನಿಂದ ವಾಪಸ್ ಪಡೆಯುವಾಗ ಕೇಳುವ ದೇಶವೇ ಅವನಿಗೆ ನ್ಯಾಯವಾದ ಪರಿಹಾರ ಕೊಡಬೇಕು. ಕಳೆದುಕೊಂಡವನೇ ಕಾಸು ಕೊಡಬೇಕಾದ ಪರಿಸ್ಥಿತಿ. ಕದ್ದ ಸಾಂಸ್ಕೃತಿಕ ವಸ್ತುಗಳ ಬಗೆಗೇ ಆದ ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದ, 1995ರ ಯುನಿಡ್ರಾ ಒಪ್ಪಂದ, ಇದನ್ನು ಸ್ವಲ್ಪ ತಿರುಗಿಸಿತು. ಕೊಂಡವನು ಕೊಳ್ಳುವಾಗ ಸಾಕಷ್ಟು ವಿಚಾರಿಸಿದ್ದನೆಂದು ತಾನೇ ಸಾಬೀತು ಮಾಡಿದರೆ ಮಾತ್ರ ಪರಿಹಾರ. ವಸ್ತು ಎಲ್ಲಿದೆ, ಯಾರ ಬಳಿ ಇದೆ ಎಂದು ಗೊತ್ತಾದ ಮೂರು ವರ್ಷದೊಳಗೆ, ಸಾಮಾನ್ಯವಾಗಿ ಕಳುವಾದ 50 ವರ್ಷದೊಳಗೆ ದಾವೆ ಹೂಡಬೇಕು. ಆದರೆ ಕಲಾವಸ್ತುಗಳ ದೊಡ್ಡ ಮಾರುಕಟ್ಟೆಗಳಾದ ಅಮೆರಿಕ, ಬ್ರಿಟನ್ ಇದಕ್ಕೆ ಸೇರಿಲ್ಲ. ಭಾರತವೂ ಸೇರಿಲ್ಲ.

ಹೀಗಾಗಿ ನಿಜವಾದ ಹೋರಾಟ ನಡೆಯುವುದು ಆಯಾ ದೇಶದ ಒಳಗಿನ ಕಾನೂನಿನಲ್ಲಿ. ಒಂದೇ ವಸ್ತುವಿಗೆ ಒಂದೊಂದು ಊರಿನಲ್ಲಿ ಒಂದೊಂದು ನ್ಯಾಯ. ನ್ಯೂಯಾರ್ಕ್‌ನಲ್ಲಿ ಕದ್ದ ಮಾಲಿಗೆ ಒಳ್ಳೆಯ ಒಡೆತನ ಹುಟ್ಟುವುದೇ ಇಲ್ಲ. ಒಳ್ಳೆಯ ಮನಸ್ಸಿನಿಂದ ಕೊಂಡವನ ವಿರುದ್ಧ ಕಾಲಮಿತಿಯ ಗಡಿಯಾರ ಓಡಲು ಶುರುವಾಗುವುದೂ, ಮೂಲ ಒಡೆಯ "ಕೊಡಿ" ಎಂದು ಕೇಳಿ ಅವನು "ಇಲ್ಲ" ಎಂದ ದಿನದಿಂದ. ಇಟಲಿಯ ಕಾನೂನಿನಲ್ಲಿ, ಕದ್ದದ್ದೆಂದು ತಿಳಿಯದೆ ಕೊಂಡವನು ಆ ಕ್ಷಣಕ್ಕೇ ಒಡೆಯ. ಇಂಗ್ಲೆಂಡಿನಲ್ಲಿ ಕಳುವಾದ ಜಪಾನೀ ಕಲಾವಸ್ತುಗಳು ಇಟಲಿಯಲ್ಲಿ ಮಾರಾಟವಾಗಿ ಮತ್ತೆ ಲಂಡನ್ನಿಗೇ ಹರಾಜಿಗೆ ಬಂದಿದ್ದ ಒಂದು ಪ್ರಕರಣವಿದೆ. ಮಾರಾಟ ನಡೆದ ನೆಲದ ಕಾನೂನೇ ಲಾಗೂ ಎಂದು 1980ರ ಸುಮಾರಿಗೆ ಇಂಗ್ಲಿಷ್ ನ್ಯಾಯಾಲಯ ತೀರ್ಮಾನಿಸಿತು. ಕಳೆದುಕೊಂಡವನ ಕಣ್ಣೆದುರೇ ವಸ್ತು ಇತ್ತು, ಹಕ್ಕು ಇರಲಿಲ್ಲ. ಕಳ್ಳಸಾಗಣೆದಾರರು ಮಾಲನ್ನು ಯಾವ ದೇಶದ ಮೂಲಕ ಸಾಗಿಸಬೇಕೆಂದು ಲೆಕ್ಕ ಹಾಕುವುದು ಇಂಥ ಸಂದುಗಳಿಗಾಗಿಯೇ.

ಮ್ಯೂಸಿಯಂಗೆ ಕೊಡುವ ಮನಸ್ಸಿದ್ದರೂ ಕೈ ಕಟ್ಟಿರಬಹುದು. ಬ್ರಿಟಿಷ್ ಮ್ಯೂಸಿಯಂ ಕಾಯ್ದೆ, 1963ರ ಪ್ರಕಾರ ಟ್ರಸ್ಟಿಗಳು ಸಂಗ್ರಹದಿಂದ ವಸ್ತುವನ್ನು ಕೈಬಿಡಬಹುದಾದ ಸಂದರ್ಭಗಳು ತೀರಾ ಕಡಿಮೆ: ಅದರ ಜೋಡಿ ಪ್ರತಿ ಇದ್ದರೆ, ಇಟ್ಟುಕೊಳ್ಳಲು ಯೋಗ್ಯವಲ್ಲದಿದ್ದರೆ, ಹಾಳಾಗಿ ಉಪಯೋಗಕ್ಕೆ ಬಾರದಿದ್ದರೆ. "ನೈತಿಕವಾಗಿ ಕೊಡಬೇಕೆನಿಸುತ್ತದೆ" ಎಂಬುದು ಕಾರಣವಾಗದೆಂದು 2005ರಲ್ಲಿ, ನಾಜಿಗಳು ದೋಚಿದ್ದ ನಾಲ್ಕು ಚಿತ್ರಗಳ ಪ್ರಕರಣದಲ್ಲಿ, ಹೈಕೋರ್ಟ್ ಹೇಳಿತು. ನಾಜಿ ಲೂಟಿಗಾಗಿ 2009ರಲ್ಲಿ ಪ್ರತ್ಯೇಕ ಕಾಯ್ದೆ ಬಂತು, ವಸಾಹತು ಲೂಟಿಗೆ ಈವರೆಗೂ ಬಂದಿಲ್ಲ. ಈ ಕಟ್ಟು ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳಿಗೆ ಮಾತ್ರ. ವಿಶ್ವವಿದ್ಯಾಲಯ, ನಗರಸಭೆ, ಟ್ರಸ್ಟ್‌ಗಳ ಮ್ಯೂಸಿಯಂಗಳು ಸ್ವತಂತ್ರ. ಆದ್ದರಿಂದಲೇ ಕೇಂಬ್ರಿಡ್ಜಿನ ಜೀಸಸ್ ಕಾಲೇಜು, ಅಬರ್ಡೀನ್ ವಿಶ್ವವಿದ್ಯಾಲಯ (2021), ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ (2022) ಬೆನಿನ್ ವಸ್ತುಗಳನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟವು. 2022ರ ಆಗಸ್ಟ್‌ನಲ್ಲಿ ಗ್ಲಾಸ್ಗೊ ನಗರದ ಮ್ಯೂಸಿಯಂಗಳು ಭಾರತಕ್ಕೆ ಏಳು ವಸ್ತುಗಳನ್ನು ಕೊಡಲು ಸಹಿ ಹಾಕಿದವು. ಹಕ್ಕು ಕೇಳುವವರು ಮೊದಲು ನೋಡಬೇಕಾದ್ದು ವಸ್ತುವಿನ ಖ್ಯಾತಿಯನ್ನಲ್ಲ, ಅದು ಯಾವ ಬಗೆಯ ಸಂಸ್ಥೆಯ ಕೈಯಲ್ಲಿದೆ ಎಂಬುದನ್ನು.

ಗೆಲ್ಲಿಸುವುದು ಸಾಕ್ಷ್ಯ

ಭಾಷಣಗಳಿಂದ ಮೂರ್ತಿ ಬರುವುದಿಲ್ಲ, ಹಳೆಯ ಫೋಟೊದಿಂದ ಬರುತ್ತದೆ.

ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ದೇವಸ್ಥಾನದ ಚೋಳರ ಕಾಲದ ನಟರಾಜನನ್ನು ನೋಡೋಣ. ಪೂಜೆ ನಿಂತು ಬಾಗಿಲು ಹಾಕಿದ್ದ ಗುಡಿಯಿಂದ 2006ರಲ್ಲಿ ಮೂರ್ತಿ ಕಳುವಾಯಿತು. ಕಳುವಾಗಿದೆ ಎಂಬುದೇ ಗೊತ್ತಾದದ್ದು 2008ರಲ್ಲಿ. ಅದೇ ವರ್ಷ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ ಅದನ್ನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಂದ ಸುಮಾರು 50 ಲಕ್ಷ ಡಾಲರಿಗೆ ಕೊಂಡಿತ್ತು. ಜೊತೆಗೆ ಬಂದ ಕಾಗದಗಳ ಪ್ರಕಾರ ಅದು 1970ರ ಆಸುಪಾಸಿನಲ್ಲೇ ಭಾರತ ಬಿಟ್ಟಿತ್ತು. ಆ ಕಾಲವನ್ನು ಆರಿಸಿದ್ದು ಸುಮ್ಮನೆ ಅಲ್ಲ. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವುದನ್ನು ನಿಷೇಧಿಸಿದ ಭಾರತದ ಕಾಯ್ದೆ 1972ರದು. ಅದಕ್ಕಿಂತ ಮುಂಚೆ ಹೋಗಿದ್ದರೆ ಕೊಳ್ಳುವವನು ನಿಶ್ಚಿಂತ.

ಈ ಕಟ್ಟುಕತೆಯನ್ನು ಮುರಿದದ್ದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಫೋಟೊ ಸಂಗ್ರಹ. ಅಲ್ಲಿನ ವಿದ್ವಾಂಸರು ದಶಕಗಳ ಕಾಲ ಗುಡಿಗುಡಿಗೆ ಹೋಗಿ ಮೂರ್ತಿಗಳ ಫೋಟೊ ತೆಗೆದಿಟ್ಟಿದ್ದರು. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ತಜ್ಞರು ಮುಖದ ಚೆಲುವನ್ನು ನೋಡುವುದಿಲ್ಲ, ದೋಷಗಳನ್ನು ಹುಡುಕುತ್ತಾರೆ. ಚೋಳರ ಲೋಹಮೂರ್ತಿಗಳನ್ನು ಎರಕ ಹೊಯ್ಯುತ್ತಿದ್ದದ್ದು ಮೇಣದ ಮಾದರಿಗೆ ಮಣ್ಣು ಮೆತ್ತಿ ಮಾಡಿದ ಅಚ್ಚಿನಲ್ಲಿ. ಮೇಣ ಕರಗಿ ಹೋಗುತ್ತದೆ, ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು. ಆದ್ದರಿಂದ ಒಂದು ಅಚ್ಚಿಗೆ ಒಂದೇ ಮೂರ್ತಿ. ಪ್ರಭಾವಳಿಯಲ್ಲಿ ಎಷ್ಟು ಜ್ವಾಲೆಗಳಿವೆ, ಯಾವ ಜ್ವಾಲೆಯ ತುದಿ ಮುರಿದಿದೆ, ಪೀಠದ ತೂತುಗಳ ನಡುವಿನ ಅಂತರವೆಷ್ಟು, ಎರಕದಲ್ಲಿ ಗಾಳಿಗುಳ್ಳೆ ಕೂತ ಜಾಗ ಯಾವುದು, ಹಳೆಯ ಬೆಸುಗೆ ಎಲ್ಲಿದೆ: ಇಂಥ ನಾಲ್ಕೈದು ಗುರುತು ತಾಳೆಯಾದರೆ ಇದು ಅದೇ ಮೂರ್ತಿ ಎಂದು ನ್ಯಾಯಾಲಯದಲ್ಲಿ ನಿಲ್ಲುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ನಟರಾಜನನ್ನು ದೆಹಲಿಗೆ ತಂದು ಒಪ್ಪಿಸಿದರು. ಕಪೂರ್‌ಗೆ 2022ರ ನವೆಂಬರ್‌ನಲ್ಲಿ ಕುಂಭಕೋಣಂ ನ್ಯಾಯಾಲಯ, ಇನ್ನೊಂದು ಗುಡಿಯ ಕಳವಿನ ಪ್ರಕರಣದಲ್ಲಿ, ಹತ್ತು ವರ್ಷ ಶಿಕ್ಷೆ ವಿಧಿಸಿತು.

ನೆಲದಿಂದ ಅಗೆದು ಕದ್ದ ವಸ್ತುವಿಗೆ ಹಳೆಯ ಫೋಟೊ ಇರುವುದಿಲ್ಲ, ಅಲ್ಲಿ ಬೇರೆ ಉಪಾಯ ಬೇಕು. 1995ರಲ್ಲಿ ಜಿನೀವಾದ ಸುಂಕರಹಿತ ಗೋದಾಮಿನ ಮೇಲೆ ದಾಳಿಯಾದಾಗ ವ್ಯಾಪಾರಿಯೊಬ್ಬನ ಬಳಿ ಸಾವಿರಾರು ಪೋಲರಾಯ್ಡ್ ಫೋಟೊಗಳು ಸಿಕ್ಕವು. ಮಣ್ಣು ಮೆತ್ತಿದ, ಚೂರುಚೂರಾದ ಗ್ರೀಕ್ ಹೂಜಿಗಳ ಚಿತ್ರಗಳು. ಆ ಬಗೆಯ ತಕ್ಷಣದ ಬಣ್ಣದ ಫಿಲ್ಮ್ ಮಾರುಕಟ್ಟೆಗೆ ಬಂದದ್ದೇ 1972ರಲ್ಲಿ. ಅಂದಮೇಲೆ "ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿತ್ತು" ಎಂಬ ಮಾತು ಅಲ್ಲೇ ಬಿದ್ದುಹೋಯಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಹತ್ತು ಲಕ್ಷ ಡಾಲರಿಗೆ ಕೊಂಡಿದ್ದ, ಪ್ರಾಚೀನ ಗ್ರೀಕ್ ಚಿತ್ರಕಾರ ಯೂಫ್ರೋನಿಯೋಸ್‌ನ ದೊಡ್ಡ ಹೂಜಿ 2008ರಲ್ಲಿ ಇಟಲಿಗೆ ಮರಳುವುದಕ್ಕೆ ಇದೇ ತನಿಖೆ ದಾರಿ ಮಾಡಿತು. ಬದಲಿಗೆ ಇಟಲಿ ಅಷ್ಟೇ ಒಳ್ಳೆಯ ವಸ್ತುಗಳನ್ನು ಮೆಟ್ರೊಪಾಲಿಟನ್‌ಗೆ ದೀರ್ಘಾವಧಿ ಎರವಲು ಕೊಡಲು ಒಪ್ಪಿತು.

ಪತ್ತೂರು ನಟರಾಜನ ಪ್ರಕರಣ ಇನ್ನೊಂದು ಮುಖವನ್ನು ತೋರಿಸುತ್ತದೆ. 1976ರಲ್ಲಿ ಪಾಳು ಗುಡಿಯ ಬಳಿ ನೆಲದಲ್ಲಿ ಸಿಕ್ಕಿ, ಕೈಬದಲಾಗಿ ಲಂಡನ್ ಸೇರಿದ ಮೂರ್ತಿ ಅದು. ಗುಡಿ ಪಾಳುಬಿದ್ದು ಶತಮಾನಗಳಾಗಿದ್ದರೂ ಹಿಂದೂ ಕಾನೂನಿನಂತೆ ದೇವಸ್ಥಾನಕ್ಕೆ ಒಬ್ಬ ವ್ಯಕ್ತಿಯ ಹಕ್ಕುಗಳಿವೆ, ಅದು ದಾವೆ ಹೂಡಬಹುದು ಎಂದು 1991ರಲ್ಲಿ ಇಂಗ್ಲಿಷ್ ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಒಡೆಯ ಯಾರು ಎಂಬುದಕ್ಕೆ ಕೇಳುವ ಸಮಾಜದ ನಂಬಿಕೆಯನ್ನೇ ಅಳತೆಯಾಗಿ ಹಿಡಿದ ತೀರ್ಪು ಇದು. ಈ ಇಡೀ ಕ್ಷೇತ್ರದಲ್ಲಿ ಇದಕ್ಕಿಂತ ದಿಟ್ಟ ತೀರ್ಪು ಹೆಚ್ಚಿಲ್ಲ.

ಕಾನೂನಿನ ಬಲವೇ ಇಲ್ಲದೆ ಬಂದವೂ ಉಂಟು. ಕೆನಡಾದ ರೆಜೈನಾ ವಿಶ್ವವಿದ್ಯಾಲಯದ ಮ್ಯಾಕೆಂಜಿ ಗ್ಯಾಲರಿಯಲ್ಲಿ ಒಂದು ಪುಟ್ಟ ಕಲ್ಲಿನ ಮೂರ್ತಿಗೆ 'ವಿಷ್ಣು' ಎಂಬ ಚೀಟಿ ಅಂಟಿತ್ತು. 2019ರಲ್ಲಿ ಕಲಾವಿದೆ ದಿವ್ಯಾ ಮೆಹ್ರಾ ಗಮನಿಸಿ ನೋಡಿದರೆ ಅದು ಹೆಣ್ಣು ದೇವತೆ, ಕೈಯಲ್ಲಿ ಅನ್ನದ ಬಟ್ಟಲು. ಕಾಶಿಯ ಅನ್ನಪೂರ್ಣೆ. 1913ರಲ್ಲಿ ಕಾಶಿಗೆ ಹೋಗಿದ್ದ, ಆ ಗ್ಯಾಲರಿಗೆ ಹೆಸರು ಬಂದ ಸಂಗ್ರಾಹಕ ನಾರ್ಮನ್ ಮ್ಯಾಕೆಂಜಿಗಾಗಿ ಗುಡಿಯೊಂದರಿಂದ ಕದ್ದು ತಂದದ್ದು. 1913ರ ಕಳವಿಗೆ 1970ರ ಒಪ್ಪಂದ ಅನ್ವಯಿಸದು. ಆದರೂ ವಿಶ್ವವಿದ್ಯಾಲಯ ತಾನಾಗಿಯೇ ಕೊಟ್ಟಿತು, 2021ರ ನವೆಂಬರ್‌ನಲ್ಲಿ ಮೂರ್ತಿ ಕಾಶಿ ವಿಶ್ವನಾಥ ದೇವಸ್ಥಾನದಲ್ಲಿ ನೆಲೆಗೊಂಡಿತು.

ಯಾರ ಕೈಗೆ?

ದೇಶಕ್ಕೆ ಕೊಡುವುದೆಂದರೆ ಸರ್ಕಾರಕ್ಕೆ ಕೊಡುವುದೇ? ಜರ್ಮನಿ ಇದರಲ್ಲಿ ಸಿಕ್ಕಿಕೊಂಡಿತು. 2022ರಲ್ಲಿ ಅದು ಬೆನಿನ್ ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬರೆದುಕೊಟ್ಟು, ಡಿಸೆಂಬರ್‌ನಲ್ಲಿ ಮೊದಲ 20 ವಸ್ತುಗಳನ್ನು ಒಪ್ಪಿಸಿತು. 2023ರ ಮಾರ್ಚ್‌ನಲ್ಲಿ ನೈಜೀರಿಯಾದ ಅಧ್ಯಕ್ಷರು, ಮರಳಿ ಬರುವ ಬೆನಿನ್ ವಸ್ತುಗಳಿಗೆ ಅಲ್ಲಿನ ಅರಸ 'ಒಬಾ' ಒಡೆಯ ಎಂದು ಘೋಷಿಸಿದರು. ಸಾರ್ವಜನಿಕರಿಗೆಂದು ಕೊಟ್ಟದ್ದು ಖಾಸಗಿ ಅರಮನೆ ಸೇರುತ್ತದೆ ಎಂದು ಯುರೋಪಿನಲ್ಲಿ ಗದ್ದಲವೆದ್ದಿತು, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ತನ್ನ 116 ವಸ್ತುಗಳ ಹಸ್ತಾಂತರವನ್ನು ಮುಂದೂಡಿತು. ಆದರೆ 1897ರಲ್ಲಿ ದೋಚಿದ್ದು ಒಬಾನ ಅರಮನೆಯನ್ನೇ. ಆಗ ನೈಜೀರಿಯಾ ಎಂಬ ದೇಶವೇ ಇರಲಿಲ್ಲ. ಗದ್ದಲ ಮಾಡಿದವರ ಮಾತಿನಲ್ಲಿ ಹುರುಳು ಕಡಿಮೆ. ಕದ್ದ ಸೈಕಲ್ಲನ್ನು ವಾಪಸ್ ಕೊಡುವವನು "ಅದನ್ನು ಯಾರು ಓಡಿಸಬೇಕು" ಎಂದು ಷರತ್ತು ಹಾಕುವಂತಿಲ್ಲ.

ಘಾನಾದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದರು. 1874ರಲ್ಲಿ ಮತ್ತು ಆಮೇಲೆ ಹೊರಟ ಅಸಾಂಟೆ ಅರಮನೆಯ ಚಿನ್ನ ಮೊದಲಾದ 32 ವಸ್ತುಗಳನ್ನು ಲಂಡನ್ನಿನ ಎರಡು ಮ್ಯೂಸಿಯಂಗಳು 2024ರಲ್ಲಿ ಕುಮಾಸಿಯ ಅರಮನೆ ಮ್ಯೂಸಿಯಂಗೆ ಮೂರು ವರ್ಷದ ಎರವಲಾಗಿ ಕಳಿಸಿದವು. ಮಾತುಕತೆ ನಡೆದದ್ದು ಸರ್ಕಾರದೊಂದಿಗಲ್ಲ, ಅರಸೊತ್ತಿಗೆಯೊಂದಿಗೆ. ತಮ್ಮದನ್ನೇ ಸಾಲ ಪಡೆಯುವುದೇನು ಎಂದು ಹಲವರಿಗೆ ಕಸಿವಿಸಿಯಾಯಿತು. ಗ್ರೀಸ್ ಪಾರ್ಥೆನಾನ್ ಶಿಲ್ಪಗಳನ್ನು ಎರವಲಾಗಿ ಒಲ್ಲೆ ಎನ್ನುತ್ತಿರುವುದೂ ಇದೇ ಕಾರಣಕ್ಕೆ: ಎರವಲು ಪತ್ರಕ್ಕೆ ಸಹಿ ಹಾಕಿದರೆ ಕೊಟ್ಟವನೇ ಒಡೆಯ ಎಂದು ಒಪ್ಪಿದಂತೆ.

ನೋಡಲೂಬಾರದ ವಸ್ತುಗಳ ಮಾತೇ ಬೇರೆ. ಮಕ್ದಲಾದಿಂದ ಬಂದ ಹನ್ನೊಂದು 'ತಬೋತ್'ಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಇಥಿಯೋಪಿಯಾದ ಇಗರ್ಜಿಯ ನಿಯಮದಂತೆ ಪುರೋಹಿತರಲ್ಲದೆ ಬೇರೆಯವರು ನೋಡುವಂತಿಲ್ಲದ ಪವಿತ್ರ ಫಲಕಗಳು. ಆ ನಿಯಮಕ್ಕೆ ಗೌರವ ಕೊಟ್ಟು ಮ್ಯೂಸಿಯಂ ಅವನ್ನು ಮುಚ್ಚಿದ ಕೋಣೆಯಲ್ಲಿಟ್ಟಿದೆ. ಪ್ರದರ್ಶನವಿಲ್ಲ, ಅಧ್ಯಯನವಿಲ್ಲ, ಅಲ್ಲಿನ ಕ್ಯುರೇಟರ್‌ಗಳೂ ನೋಡುವುದಿಲ್ಲ. ಮ್ಯೂಸಿಯಂ ಇರುವ ಯಾವ ಉದ್ದೇಶಕ್ಕೂ ಒದಗದ ವಸ್ತುವನ್ನು ಇಟ್ಟುಕೊಳ್ಳುವುದಕ್ಕೆ ವಾದವೇ ಸಿಗುವುದಿಲ್ಲ.

"ಅವರ ಕೈಯಲ್ಲಿ ಉಳಿಯುತ್ತದೆಯೇ?"

ಈ ಪ್ರಶ್ನೆಯನ್ನು ಅಹಂಕಾರ ಎಂದು ತಳ್ಳಿಹಾಕಬೇಕಿಲ್ಲ, ಉದಾಹರಣೆಗಳಿವೆ. ಮೆಟ್ರೊಪಾಲಿಟನ್ ಮ್ಯೂಸಿಯಂ ಮೊಕದ್ದಮೆಯ ನಂತರ 1993ರಲ್ಲಿ ಟರ್ಕಿಗೆ ಕೊಟ್ಟ, ಪ್ರಾಚೀನ ಲಿಡಿಯಾ ರಾಜ್ಯದ ನಿಧಿಯಲ್ಲಿ ರೆಕ್ಕೆಯ ಕಡಲಕುದುರೆಯ ಚಿನ್ನದ ಪಿನ್ ಒಂದಿತ್ತು. ಟರ್ಕಿಯ ಉಶಾಕ್ ಮ್ಯೂಸಿಯಂನಲ್ಲಿದ್ದದ್ದು ಅದರ ನಕಲಿ, ಅಸಲಿ ಕಳುವಾಗಿದೆ ಎಂದು 2006ರಲ್ಲಿ ಬಯಲಾಯಿತು. ಅಸಲಿ ಜರ್ಮನಿಯಲ್ಲಿ ಸಿಕ್ಕಿ 2013ರಲ್ಲಿ ಮರಳಿತು. ಸರಿ, ಹಾಗಾದರೆ ಲಂಡನ್? ಬ್ರಿಟಿಷ್ ಮ್ಯೂಸಿಯಂನಿಂದಲೇ ಸುಮಾರು 2,000 ವಸ್ತುಗಳು ಕಾಣೆಯಾಗಿವೆ, ಕಳುವಾಗಿವೆ ಇಲ್ಲವೇ ಹಾಳಾಗಿವೆ ಎಂದು 2023ರ ಆಗಸ್ಟ್‌ನಲ್ಲಿ ಹೊರಬಿತ್ತು, ನಿರ್ದೇಶಕರು ರಾಜೀನಾಮೆ ಕೊಟ್ಟರು. ಎರಡೂ ಕಡೆ ರೋಗ ಒಂದೇ: ಒಳಗಿನವರ ಕೈವಾಡ ಮತ್ತು ದಾಖಲೆಯ ದೌರ್ಬಲ್ಯ. ಲಂಡನ್ನಿನಲ್ಲಿ ಹೋದವುಗಳಲ್ಲಿ ಬಹಳಷ್ಟು ಪಟ್ಟಿಯಲ್ಲೇ ಸರಿಯಾಗಿ ಸೇರಿರಲಿಲ್ಲ, ಹಾಗಾಗಿ ಹೋದದ್ದು ಗೊತ್ತಾಗಲಿಲ್ಲ.

ಸುರಕ್ಷತೆ ಜಾಗದ ಪ್ರಶ್ನೆ, ಒಡೆತನದ್ದಲ್ಲ. ಯುದ್ಧ ನಡೆಯುತ್ತಿರುವ ದೇಶಕ್ಕೆ ವಸ್ತು ಕಳಿಸುವುದನ್ನು ಮುಂದೂಡಬಹುದು. ಒಡೆತನದ ಪತ್ರಕ್ಕೆ ಸಹಿ ಹಾಕುವುದನ್ನು ಮುಂದೂಡಲು ಯುದ್ಧ ನೆಪವಾಗದು. ಬರ್ಲಿನ್ ಈ ದಾರಿಯನ್ನೇ ಹಿಡಿಯಿತು. ಅಲ್ಲಿನ ಮ್ಯೂಸಿಯಂ 500ಕ್ಕೂ ಹೆಚ್ಚು ಬೆನಿನ್ ವಸ್ತುಗಳ ಒಡೆತನವನ್ನು ಬಿಟ್ಟುಕೊಟ್ಟು, ಸುಮಾರು ಮೂರನೇ ಒಂದು ಭಾಗವನ್ನು ನೈಜೀರಿಯಾದಿಂದ ಹತ್ತು ವರ್ಷದ ಎರವಲಾಗಿ ಪಡೆದು ಅಲ್ಲೇ ಪ್ರದರ್ಶಿಸುತ್ತಿದೆ. ನೋಡುಗನಿಗೆ ಏನೂ ಬದಲಾಗಿಲ್ಲ, ಚೀಟಿಯಲ್ಲಿನ ಒಡೆಯನ ಹೆಸರು ಬದಲಾಗಿದೆ. ಎಲ್ಲ ಸಂಸ್ಕೃತಿಗಳನ್ನೂ ಒಂದೇ ಸೂರಿನಡಿ ನೋಡುವ ಅನುಕೂಲ ಮುಖ್ಯ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಡ.

ಭಾರತದ ಕಡೆಯ ಕೊರತೆಯನ್ನೂ ಹೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಒಂದೇ ಸಲಕ್ಕೆ 297 ವಸ್ತುಗಳನ್ನು ಒಪ್ಪಿಸಿತು, 2021ರಲ್ಲಿ 157. ಹೀಗೆ ಬಂದವುಗಳಲ್ಲಿ ಕೆಲವು ಮಾತ್ರ ತಮ್ಮ ಗುಡಿ ಸೇರುತ್ತವೆ. ಉಳಿದವು ಪುರಾತತ್ವ ಇಲಾಖೆಯ ಸಂಗ್ರಹದಲ್ಲೋ, ಮೊಕದ್ದಮೆಯ ಸಾಕ್ಷ್ಯವಾಗಿ ಸರ್ಕಾರಿ ಭದ್ರತಾ ಕೊಠಡಿಯಲ್ಲೋ ಉಳಿಯುತ್ತವೆ. ಗುಡಿಗೆ ಕಾವಲಿಲ್ಲ ಎಂಬ ಕಾರಣ ಸುಳ್ಳಲ್ಲ. ಆದರೆ ಕ್ಯಾನ್‌ಬೆರಾದ ಗಾಜಿನ ಪೆಟ್ಟಿಗೆಯಿಂದ ಬಿಡಿಸಿ ತಂದು ಕಬ್ಬಿಣದ ಬೀರುವಿನಲ್ಲಿಡುವುದು ಅರ್ಧ ಕೆಲಸ.

ಸಾಗಣೆಯಲ್ಲಿ ಕೆಡುವುದು

ಸಹಿಯಾದ ಮೇಲೆ ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪು. ಮೊದಲು ವಸ್ತುಸ್ಥಿತಿ ವರದಿ: ಪ್ರತಿ ಬಿರುಕು, ಚಕ್ಕೆಯನ್ನು ಫೋಟೊ ಸಮೇತ ಗುರುತಿಸಿ ಎರಡೂ ಕಡೆಯವರು ಸಹಿ ಹಾಕುತ್ತಾರೆ. ತಲುಪಿದಾಗ ಅದೇ ಪಟ್ಟಿ ಹಿಡಿದು ಮತ್ತೆ ನೋಡುತ್ತಾರೆ. ಇದಿಲ್ಲದಿದ್ದರೆ ವಿಮೆಯ ಹಣ ಸಿಗದು. ಮರದ ಪೆಟ್ಟಿಗೆಯ ಮರವನ್ನು ಅಂತರರಾಷ್ಟ್ರೀಯ ನಿಯಮದಂತೆ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ಗೆ ಮುಟ್ಟಿಸಿ ಕನಿಷ್ಠ 30 ನಿಮಿಷ ಕಾಯಿಸಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಪೆಟ್ಟಿಗೆಯನ್ನು ಬಂದರಿನಲ್ಲಿ ತಡೆಯುತ್ತಾರೆ. ಒಳಗೆ ವಸ್ತುವಿನ ಆಕಾರಕ್ಕೆ ಕತ್ತರಿಸಿದ ಫೋಮ್, ಉಷ್ಣ ಮತ್ತು ತೇವಾಂಶ ದಾಖಲಿಸುವ ಪುಟ್ಟ ಯಂತ್ರ. ತಲುಪಿದ ಕೂಡಲೇ ಪೆಟ್ಟಿಗೆ ಬಿಚ್ಚಬಾರದು. ಕನಿಷ್ಠ 24 ಗಂಟೆ ಹೊಸ ಕೋಣೆಯಲ್ಲಿ ಹಾಗೇ ಬಿಡಬೇಕು, ಇಲ್ಲವಾದರೆ ತಣ್ಣನೆಯ ಲೋಹದ ಮೇಲೆ ನೀರು ಕೂರುತ್ತದೆ, ಮರ ಸೀಳುತ್ತದೆ. ಮಣ್ಣಿನಲ್ಲಿದ್ದ ತಾಮ್ರ ಮಿಶ್ರಲೋಹದೊಳಗೆ ಕ್ಲೋರೈಡ್ ಲವಣ ಅಡಗಿದ್ದರೆ ತೇವ ತಗುಲಿದ್ದೇ ತಡ ತಿಳಿಹಸಿರು ಪುಡಿ ಉದುರಿ ಲೋಹ ತಿನ್ನತೊಡಗುತ್ತದೆ. ಆನೆದಂತದ ವಸ್ತುವಾದರೆ ವನ್ಯಜೀವಿ ವ್ಯಾಪಾರದ ಪರವಾನಗಿ ಎರಡೂ ದೇಶಗಳಿಂದ ಬೇಕಾಗಬಹುದು. ನೂರು ವರ್ಷ ಹಳೆಯದು ಎಂಬುದಕ್ಕೂ ಕಾಗದ ಬೇಕು.

ಯಾರೂ ನಿರೀಕ್ಷಿಸದ ಅಪಾಯ ವಿಷದ್ದು. ಹಳೆಯ ಮ್ಯೂಸಿಯಂಗಳು ಹುಳು ಹಿಡಿಯದಂತೆ ಗರಿ, ಚರ್ಮ, ಮರದ ವಸ್ತುಗಳಿಗೆ ಆರ್ಸೆನಿಕ್, ಪಾದರಸದ ಲವಣ ಬಳಿಯುತ್ತಿದ್ದವು. ಅಮೆರಿಕದಲ್ಲಿ ಮೂಲನಿವಾಸಿಗಳಿಗೆ ವಸ್ತು ಮರಳಿಸುವ 1990ರ ಕಾನೂನಿನಡಿ ಹೋಪಿ ಜನಾಂಗಕ್ಕೆ ಮರಳಿದ ಪವಿತ್ರ ವಸ್ತುಗಳಲ್ಲಿ ಆರ್ಸೆನಿಕ್ ಇದ್ದದ್ದು ಪತ್ತೆಯಾಯಿತು. ಅವು ಗಾಜಿನೊಳಗಿಡುವ ವಸ್ತುಗಳಲ್ಲ, ಆಚರಣೆಯಲ್ಲಿ ಮೈಗೆ ತಾಕುವಂಥವು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರದಿಂದ ಮೇಲ್ಮೈಯಲ್ಲಿ ಯಾವ ಧಾತುಗಳಿವೆ ಎಂದು ಕೆಲವೇ ನಿಮಿಷದಲ್ಲಿ ಪರೀಕ್ಷಿಸಬಹುದು. ಒಪ್ಪಂದದಲ್ಲೇ ಈ ಪರೀಕ್ಷೆಯ ಖರ್ಚು ಕೊಡುವವರದು ಎಂದು ಬರೆಸಿಕೊಳ್ಳದಿದ್ದರೆ ಆಮೇಲೆ ಕೇಳುವುದು ಕಷ್ಟ.

ಗಾತ್ರದ ತೊಂದರೆಗೆ ಆಕ್ಸುಮ್‌ನ ಸ್ತಂಭವನ್ನು ಮೀರಿದ್ದಿಲ್ಲ. 24 ಮೀಟರ್ ಎತ್ತರ, ಸುಮಾರು 160 ಟನ್ ತೂಕ. 1937ರಲ್ಲಿ ಮುಸೊಲಿನಿಯ ಇಟಲಿ ಅದನ್ನು ಇಥಿಯೋಪಿಯಾದಿಂದ ರೋಮ್‌ಗೆ ಒಯ್ದಿತು. ವಾಪಸ್ ಕೊಡುತ್ತೇವೆಂದು 1947ರ ಶಾಂತಿ ಒಪ್ಪಂದದಲ್ಲಿ ಒಪ್ಪಿಕೊಂಡ ಇಟಲಿ ಕೊಟ್ಟದ್ದು 2005ರಲ್ಲಿ. ಮೂರು ತುಂಡು ಮಾಡಿ, ಜಗತ್ತಿನ ಅತಿ ದೊಡ್ಡ ಸರಕು ವಿಮಾನಗಳಲ್ಲೊಂದಾದ ಆಂಟೊನೊವ್‌ನಲ್ಲಿ ಮೂರು ಸಲ ಹಾರಿಸಿದರು. ಅದಕ್ಕಾಗಿ ಆಕ್ಸುಮ್ ವಿಮಾನ ನಿಲ್ದಾಣವನ್ನೇ ಸುಧಾರಿಸಬೇಕಾಯಿತು. ಮತ್ತೆ ನಿಲ್ಲಿಸಿದ್ದು 2008ರಲ್ಲಿ.

ಈಗಲೇ ಮಾಡಿಡಬೇಕಾದ ಕೆಲಸ

ಮುಂದಿನ ಹಕ್ಕುಕೋರಿಕೆ ಗೆಲ್ಲುವುದೋ ಸೋಲುವುದೋ ಎಂಬುದು ವಸ್ತು ಇನ್ನೂ ಸ್ವಸ್ಥಾನದಲ್ಲಿರುವಾಗಲೇ ತೀರ್ಮಾನವಾಗುತ್ತದೆ. ಕಳವಿನ ದೂರಿನಲ್ಲಿ "ಪಂಚಲೋಹದ ವಿಗ್ರಹ ಒಂದು, ಪುರಾತನ" ಎಂದಷ್ಟೇ ಇದ್ದರೆ ಯಾವ ದೇಶದ ಪೊಲೀಸರೂ ಏನೂ ಮಾಡಲಾರರು. ಇದಕ್ಕೆಂದೇ 'ಆಬ್ಜೆಕ್ಟ್ ಐಡಿ' ಎಂಬ ಅಂತರರಾಷ್ಟ್ರೀಯ ನಮೂನೆ ಇದೆ, ಒಂದೇ ಪುಟದ್ದು. ವಸ್ತುವಿನ ಬಗೆ, ಯಾವುದರಿಂದ ಮಾಡಿದ್ದು, ಅಳತೆ ಮತ್ತು ತೂಕ, ಬರಹ ಅಥವಾ ಗುರುತು, ಯಾರ ಅಥವಾ ಯಾವುದರ ರೂಪ, ಕಾಲ, ಮಾಡಿದವರು, ಮತ್ತು ಬೇರೆ ಯಾವುದರಲ್ಲೂ ಇರಲಾರದ ಗುರುತು. ಫೋಟೊ ತೆಗೆಯುವಾಗ ಅಲಂಕಾರ, ವಸ್ತ್ರ, ಹೂವು ತೆಗೆದಿರಬೇಕು. ಮುಂದೆ, ಹಿಂದೆ, ಎರಡು ಪಕ್ಕ, ಪೀಠದ ತಳ, ಹೀಗೆ ಐದು ಚಿತ್ರ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಆಮೇಲೆ ಪ್ರತಿ ಮುಕ್ಕು, ಗೀರು, ಬೆಸುಗೆಯ ಹತ್ತಿರದ ಚಿತ್ರ ಬೇರೆ. ಹೆಚ್ಚಿನವರು ಬಿಡುವುದು ಬೆನ್ನು ಮತ್ತು ತಳದ ಚಿತ್ರಗಳನ್ನೇ. ನಕಲಿ ಮಾಡುವವನು ಮುಖವನ್ನು ಅಚ್ಚುಕಟ್ಟಾಗಿ ಅನುಕರಿಸುತ್ತಾನೆ, ತಳದ ಒರಟನ್ನು ಅನುಕರಿಸಲು ಸಾಮಾನ್ಯವಾಗಿ ಹೋಗುವುದಿಲ್ಲ. ಒಂದು ಪ್ರತಿ ಗುಡಿಯಲ್ಲಿ, ಒಂದು ಬೇರೆ ಊರಿನಲ್ಲಿ, ಒಂದು ಇಲಾಖೆಯಲ್ಲಿ ಇಡಬೇಕು. ಕಳುವಾದರೆ ಎಫ್‌ಐಆರ್ ಜೊತೆಗೇ ಈ ಪುಟ ಮತ್ತು ಚಿತ್ರಗಳು ಹೋಗಬೇಕು. ಇಂಟರ್‌ಪೋಲ್‌ನ ಕಳುವಾದ ಕಲಾವಸ್ತುಗಳ ಪಟ್ಟಿಗೆ ಪೊಲೀಸರ ಮೂಲಕ ಸೇರಿಸಲು ಬೇಕಾಗುವುದೂ ಇದೇ ಮಾಹಿತಿ. ಆ ಪಟ್ಟಿಯನ್ನು 2021ರಿಂದ 'ಐಡಿ-ಆರ್ಟ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಹರಾಜಿನವರೂ ಮ್ಯೂಸಿಯಂಗಳೂ ಕೊಳ್ಳುವ ಮುಂಚೆ ನೋಡುವ ಪಟ್ಟಿಗಳಲ್ಲಿ ಅದೂ ಒಂದು. ವಸ್ತು ಅದರಲ್ಲಿ ಸೇರಿದ ಮೇಲೆ "ನಮಗೆ ಗೊತ್ತಿರಲಿಲ್ಲ" ಎಂದು ಹೇಳುವುದು ಕೊಂಡವನಿಗೆ ಸುಲಭವಲ್ಲ.